ಹುಲಿಗೆವ್ವತ್ತೆಯ ಬೆರಳ ಗೆಣ್ಣು

ನಮ್ಮ ಹುಲಿಗೆವ್ವತ್ತೆಯ ಬಲಗೈ ನಡುಬೆರಳಿನ ಗೆಣ್ಣು ಶೇಂಗಾಕಾಯಿಯಷ್ಟು ದಪ್ಪಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಬಾರಿಸಿ ಬಾರಿಸಿ ಆದದ್ದು. ಗಡಿಗೆ, ಕೊಡ, ತೆಂಗಿನಕಾಯಿ, ಕಲ್ಲಂಗಡಿ, ಇಟ್ಟಿಗೆ, ಹೊಸ ಬಾಗಿಲು, ಹಳೆಯ ಗೋಡೆ, ಎದುರಿಗೆ ಏನೇ ಬರಲಿ, ಅವಳು ಮೊದಲು ಆ ಗೆಣ್ಣಿನಿಂದ ಕುಟ್ಟಿ, ಕಿವಿ ಕೊಟ್ಟು ಕೇಳಿ, ಆಮೇಲೆ ಬಾಯಿ ತೆರೆಯುತ್ತಿದ್ದಳು. "ಬಾರಿಸಿದ್ರ ಗಡಿಗಿ ಸುಳ್ಳು ಹೇಳಂಗಿಲ್ಲ, ಮಾರಾವ ಹೇಳತಾನ" ಎಂಬುದು ಅವಳ ಮಾತು. ಮಾರುವವರ ಮೇಲೆ ಅವಳಿಗಿದ್ದ ತಾತ್ಸಾರವನ್ನು ಜೋಳ ತುಂಬುವ ಒಂದು ಹಗೇವಿನಲ್ಲಿ ತುಂಬಿಡಬಹುದಿತ್ತು. ಅದರಲ್ಲಿ ಒಂದು ಸೇರು ನನಗೂ ಬಂದಿದೆ. ಇವತ್ತಿಗೂ ದೊಡ್ಡ ಅಂಗಡಿಯ ಗಾಜಿನ ಬಾಗಿಲು ತಳ್ಳುವಾಗ ನನ್ನ ಮೂಗು ತಾನೇ ತಾನಾಗಿ ಸೊಟ್ಟಗಾಗುತ್ತದೆ.

ಅವಳು ನಮ್ಮಪ್ಪನ ಅಕ್ಕ. ನಮ್ಮ ಹಿರೀಕರ ಊರು ಮಲ್ಲಟ. ಅಪ್ಪನಿಗೆ ಮಾನ್ವಿಯ ಶಾಲೆಯೊಂದರಲ್ಲಿ ಜವಾನನ ಕೆಲಸ ಸಿಕ್ಕಮೇಲೆ ಅಜ್ಜಿ, ಅಪ್ಪ, ಅವ್ವ, ನಾನು ಎಲ್ಲರೂ ಮಾನ್ವಿಯ ಕೇರಿಗೆ ಬಂದೆವು. ಅತ್ತೆಯನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಗಂಡ ಬೇಗ ಹೋದ, ಮಕ್ಕಳಿಲ್ಲ. ಒಂದು ಟ್ರಂಕು ಮತ್ತು ಆ ಗೆಣ್ಣಿನ ಸಮೇತ ಅವಳು ನಮ್ಮ ಮನೆಗೇ ಬಂದು ನಿಂತಳು. ರಾಯಚೂರಿನಲ್ಲಿ ಗಾರೆ ಕೆಲಸ. ಮೇಸ್ತ್ರಿಯ ಹಿಂದೆ ಬುಟ್ಟಿ ಹೊತ್ತು ಏಣಿ ಹತ್ತುವುದು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು, ಸೀರೆಯ ತುಂಬ ಸುಣ್ಣ. "ರಾಯಚೂರು ಅರ್ಧ ನನ್ನ ತಲಿ ಮ್ಯಾಲಿಂದ ಮ್ಯಾಲೆದ್ದದ" ಎನ್ನುತ್ತಿದ್ದಳು. ಸುಳ್ಳೇನಲ್ಲ.

ಬಾರಿಸುವ ಚಟ ಎಲ್ಲಿಯವರೆಗೆ ಹೋಗಿತ್ತೆಂದರೆ, ನನ್ನನ್ನು ನೋಡಲು ಬಂದಿದ್ದ ಗಂಡಿನ ಮೇಲೂ ಅದು ನಡೆದುಬಿಟ್ಟಿತು. ಆತ ಯಾವುದೋ ಕಚೇರಿಯ ಗುಮಾಸ್ತ, ತಲೆಗೆ ಎಣ್ಣೆ ಸುರಿದುಕೊಂಡು ಬಂದಿದ್ದ. ಚಹಾ ಕೊಟ್ಟು ಹಿಂದಿನಿಂದ ಹಾದುಹೋಗುತ್ತಿದ್ದ ಅತ್ತೆ ಆತನ ತಲೆಗೆ ಟಕ್ ಟಕ್ ಎಂದು ಕುಟ್ಟಿಬಿಟ್ಟಳು. ಆತ ಗಾಬರಿಯಾಗಿ ತಿರುಗಿ ನೋಡಿದ. "ನೊಣ ಕುಂತಿತ್ರಿ ಯಪ್ಪಾ" ಎಂದು ಒಳಗೆ ಬಂದವಳು ನನ್ನ ಕಿವಿಯಲ್ಲಿ, "ಟೊಳ್ಳು ಅದ ಬೇ. ಬ್ಯಾಡ" ಎಂದಳು. ಅವ್ವ ಹಣೆ ಹಣೆ ಬಡಿದುಕೊಂಡಳು. ಆ ಸಂಬಂಧ ಆಗಲಿಲ್ಲ. ಆತ ಮುಂದೆ ದೊಡ್ಡ ಸಾಹೇಬನಾದನಂತೆ, ಆಗಲಿ. ಟೊಳ್ಳಿದ್ದದ್ದು ಮೇಲೆ ಮೇಲೆ ತೇಲುವುದು ಹೊಸದೇನಲ್ಲ.

ಆದರೆ ಈ ಬಾರಿಸುವುದು ಅವಳಿಗೆ ಬರೀ ಚಟವಾಗಿರಲಿಲ್ಲ. ಅದಕ್ಕಾಗಿ ಅವಳು ಜಗಳ ಆಡಿ ಗೆದ್ದಿದ್ದಳು. ದೇವದುರ್ಗದ ಸಂತೆಯಲ್ಲಿ ನಮ್ಮಂಥ ಕೇರಿಯವರಿಗೆ ಗಡಿಗೆ ಮುಟ್ಟುವ ಹಾಗಿರಲಿಲ್ಲ. ದೂರ ನಿಂತು ಬೆರಳು ತೋರಿಸಬೇಕು, ಕುಂಬಾರ ತನ್ನ ಕೋಲಿನಿಂದ ತಾನೇ ಒಂದು ಸಲ ಬಾರಿಸಿ ಕೊಡುತ್ತಾನೆ. ಯಾವ ಗಡಿಗೆಯನ್ನು ಎಲ್ಲಿ ಬಾರಿಸಿದರೆ ಒಡಕು ಕೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿರುತ್ತದಲ್ಲ. ನಾವು ಮುಟ್ಟಿದೆವೋ, ಸೋರಲಿ ಬಿಡಲಿ, ಆ ಗಡಿಗೆ ನಮ್ಮದೇ. ಅದನ್ನು ಮತ್ತೆ ಯಾರೂ ಕೊಳ್ಳುವುದಿಲ್ಲ. ಅತ್ತೆ ಹೊಸ ಸೊಸೆಯಾಗಿ ಹೋದ ವರ್ಷವೇ ಎರಡು ಸಲ ಸೋರುವ ಗಡಿಗೆ ತಂದು ಗಂಡನ ಮನೆಯಲ್ಲಿ ಬೈಸಿಕೊಂಡಳು.

ಮೂರನೆಯ ಸಂತೆಗೆ ಅವಳು ಸೀದಾ ಹೋಗಿ ಸಾಲಿನ ಮೊದಲನೆಯ ಗಡಿಗೆಗೆ ಗೆಣ್ಣು ತಾಗಿಸಿದಳು. "ಏಯ್ ಏಯ್! ಮುಟ್ಟಿದಿ ನೋಡು, ಅದು ನಿಂದಾತು" ಎಂದು ಕುಂಬಾರ ಕೂಗಿದ. "ಹೌದಾ? ಮುಟ್ಟಿದ್ದೆಲ್ಲಾ ನಂದಾ?" ಎಂದವಳೇ ಸೀರೆ ಎತ್ತಿ ಸಿಕ್ಕಿಸಿ, ಸಾಲಿನಲ್ಲಿದ್ದ ಗಡಿಗೆ, ಮಗಿ, ಮುಚ್ಚಳ, ಹರವಿ ಎಲ್ಲವನ್ನೂ ಒಂದೊಂದಾಗಿ ಬಾರಿಸುತ್ತ ಕೊನೆಯವರೆಗೂ ಹೋದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, "ಹಂಗಾದ್ರ ಬಂಡಿ ಹೂಡು ಯಪ್ಪಾ. ಎಲ್ಲಾ ನಂದ. ಮನಿಗಿ ಹೇರು" ಎಂದಳು. ಸಂತೆ ಸಂತೆಯೇ ನಕ್ಕಿತು. ಕುಂಬಾರ ಮೊದಲು ಬೈದ, ಆಮೇಲೆ ಅಳುವ ಮುಖ ಮಾಡಿ "ಕುಂಬಾರಗ ವರ್ಷ, ದೊಣ್ಣಿಗಿ ನಿಮಿಷ ಅಂತಾರಲ್ಲವ್ವಾ, ಆ ದೊಣ್ಣಿ ನೀನs ಬಂದಿ" ಎಂದ. ಕಡೆಗೆ ಅವನ ಹೆಂಡತಿಯೇ ಸೆರಗು ಬಾಯಿಗಿಟ್ಟು ನಗುತ್ತ, "ಬಾರಿಸಿ ಒಂದು ತಗೊಂಡು ಹೋಗವ್ವಾ, ಪುಣ್ಯ ಬರತದ" ಅಂದಳು. ಅಲ್ಲಿಂದ ಮುಂದೆ ಅಲ್ಲಿಯ ಕೇರಿಯ ಹೆಂಗಸರೆಲ್ಲ ಬಾರಿಸಿಯೇ ತಂದರು. ಯಾರೂ ಭಾಷಣ ಮಾಡಲಿಲ್ಲ, ಹಾರ ಹಾಕಲಿಲ್ಲ. ಗಡಿಗೆಗಳು ಸೋರುವುದು ನಿಂತಿತು, ಅಷ್ಟೇ.

ಇಂಥವಳು ತನ್ನ ಜನ್ಮದಲ್ಲಿ ಬಾರಿಸದೆ ನಂಬಿದ್ದು ಒಂದೇ ಒಂದು ಅಂಗಡಿಯನ್ನು. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಚನ್ನಬಸಣ್ಣ ಎಂಬವನದು. ಎಪ್ಪತ್ತರ ದಶಕದಲ್ಲಿ ಅದೊಂದು ಕತ್ತಲೆ ಕೋಣೆ. ಮೊಳೆಯ ಡಬ್ಬಿ, ಸುಣ್ಣದ ಚೀಲ, ಬಾಗಿಲ ಚಿಲಕ, ಹಗ್ಗ, ಹೆಂಚು, ಸಲಿಕೆ. ಚನ್ನಬಸಣ್ಣ ಸಿಮೆಂಟು ಚೀಲದ ಮೇಲೆಯೇ ಕೂತಿರುತ್ತಿದ್ದ. ಮೇಸ್ತ್ರಿಯ ಜೊತೆ ಬುಟ್ಟಿ ಹಿಡಿದು ಅತ್ತೆ ಹೋದರೆ ಎದ್ದು ನಿಂತು ಮಾತಾಡಿಸುತ್ತಿದ್ದ. "ಬಾ ಹುಲಿಗೆವ್ವಾ, ಯಾರ ಮನಿ ಎಬ್ಬಸಾಕತ್ತೀರಿ? ಬಾಗಿಲಾ ತೇಗಿಂದೋ ಬೇವಿಂದೋ? ಬೇವಿಂದಂದ್ರ ಈ ಮೊಳಿ ಬ್ಯಾಡ, ಸೀಳತದ" ಎನ್ನುತ್ತಿದ್ದ. ಹೆಂಚನ್ನು ತಾನೂ ಬಾರಿಸಿ, "ನೀನೂ ಬಾರಿಸು" ಎಂದು ಅವಳ ಕೈಗೆ ಕೊಡುತ್ತಿದ್ದ. ಉಳಿದ ಮೊಳೆ ತಿರುಗಿ ತಂದರೆ ಮುಖ ಗಂಟಿಕ್ಕದೆ ಡಬ್ಬಿಗೆ ಸುರಿದುಕೊಳ್ಳುತ್ತಿದ್ದ. ಕುಡಿಯುವ ನೀರನ್ನು ಮಾತ್ರ ಅವಳ ಬೊಗಸೆಗೆ ಮೇಲಿನಿಂದಲೇ ಸುರಿಯುತ್ತಿದ್ದ. ಅಷ್ಟರ ಮಟ್ಟಿಗೆ ಅವನೂ ಊರಿನವನೇ. ಆದರೂ ಅತ್ತೆಗೆ ಅವನೆಂದರೆ ಭಾಳ ಅಭಿಮಾನ. "ಮಾರಾವರೊಳಗ ಅವನೊಬ್ಬ ಮನಿಷಾ" ಅನ್ನುತ್ತಿದ್ದಳು.

ಆಮೇಲೆ ಶಕ್ತಿನಗರ ಎದ್ದಿತು. ಕೃಷ್ಣೆಯ ದಂಡೆಯಲ್ಲಿ ಚಿಮಣಿಗಳು ಏಳತೊಡಗಿದ ಹಾಗೆ ರಾಯಚೂರಿಗೆ ಗುತ್ತಿಗೆದಾರರು ಬಂದರು. ಲಾರಿ ತಂದು ನಿಲ್ಲಿಸಿ, "ಇದೊಂದು ಲಾರಿ, ಅದೊಂದು ಲಾರಿ" ಎಂದು ಬೆರಳು ತೋರಿಸಿ ಒಯ್ಯುವ ಜನ. ಅವರೇನು ಚಿಲಕ ತಿರುವಿ ನೋಡುವವರಲ್ಲ, ಹೆಂಚು ಬಾರಿಸುವವರಲ್ಲ. ಚನ್ನಬಸಣ್ಣನ ಕೋಣೆ ಮೂರು ಮಳಿಗೆಯಾಯಿತು, ಮೇಲೊಂದು ಅಂತಸ್ತು ಬಂತು. ಆ ಅಂತಸ್ತಿಗೆ ಗಾರೆ ಹೊತ್ತವರಲ್ಲಿ ನಮ್ಮತ್ತೆಯೂ ಒಬ್ಬಳು. ಅವಳು ಅದನ್ನು ತನ್ನ ಮನೆಯೇ ಏಳುತ್ತಿದೆ ಎಂಬ ಹಾಗೆ ಹಿಗ್ಗಿ ಹೇಳುತ್ತಿದ್ದಳು. "ನಮ್ಮ ಚನ್ನಬಸಣ್ಣ ಈಗ ಖರೇ ಸಾವ್ಕಾರ ಆದ ನೋಡು." ಅಂತಸ್ತು ಮುಗಿದ ಮೇಲೆ ಒಳಗೆ ಹೋಗುವ ಪ್ರಸಂಗ ಅವಳಿಗೆ ಬಹಳ ದಿನ ಬರಲಿಲ್ಲ. ಮೇಸ್ತ್ರಿಗಳೇ ಚೀಟಿ ಕಳಿಸಿ ಸಾಮಾನು ತರಿಸುವ ಕಾಲ ಬಂದಿತ್ತು.

ಪ್ರಸಂಗ ಬಂದದ್ದು ನಮ್ಮಜ್ಜಿಯ ಕಣ್ಣು ಹೋದಾಗ. ಮೊದಲು ಒಂದು, ಆಮೇಲೆ ಇನ್ನೊಂದು. ಕೇರಿಯಲ್ಲಿ ಯಾರ ಮನೆಗೂ ಸಂಡಾಸ ಇರಲಿಲ್ಲ. ಹೆಂಗಸರು ಬೆಳಕು ಹರಿಯುವ ಮುಂಚೆ ಬೇಲಿಯ ಕಡೆ ಹೋಗಿಬರಬೇಕು. ಕಣ್ಣಿಲ್ಲದ ಅಜ್ಜಿಗೆ ಬೆಳಕೂ ಒಂದೇ, ಕತ್ತಲೂ ಒಂದೇ. ನಮ್ಮ ಕೈ ಹಿಡಿದು ಹೋಗುವಾಗ ದಾರಿಯುದ್ದಕ್ಕೂ, "ಬೆಳಕಾಗ್ಯಾದೇನು? ಯಾರರ ನೋಡಾಕತ್ತಾರೇನು?" ಎಂದು ಕೇಳುತ್ತಲೇ ಇರುತ್ತಿದ್ದಳು. ಒಂದು ದಿನ ಬೇಲಿಯ ಹತ್ತಿರ ಯಾರೋ ಗಂಡುಹುಡುಗರು ಕಿಸಕ್ಕನೆ ನಕ್ಕರು. ಅಜ್ಜಿ ಅವತ್ತಿನಿಂದ ಊಟ ಕಡಿಮೆ ಮಾಡಿದಳು. ಹೊಟ್ಟೆಗೆ ತಿಂದರೆ ತಾನೇ ಹೋಗಬೇಕಾಗುವುದು ಎಂಬುದು ಅವಳ ಲೆಕ್ಕ. ರೊಟ್ಟಿ ಮುರಿದು ಅರ್ಧ ತಿರುಗಿ ಇಡುವುದನ್ನು ಅತ್ತೆ ನೋಡಿದಳು. ಮರುದಿನ ಹಿತ್ತಲಲ್ಲಿ ತಾನೇ ಗುಂಡಿ ತೋಡಲು ನಿಂತಳು.

ಗೋಡೆ ಅವಳೇ ಎಬ್ಬಿಸಿದಳು. ತಗಡು ಹೊದಿಸಿದ್ದು ಅಪ್ಪ. ಇನ್ನು ಬೇಕಾದದ್ದು ಕೂರುವ ಪಿಂಗಾಣಿ ಬೇಸಿನ್ನು. "ಚನ್ನಬಸಣ್ಣನ ಕಡೆ ತರೂಣು" ಎಂದು ಅವಳು ಹೊರಟಾಗ ನಾನೂ ಜೊತೆಗೆ ಹೋದೆ. ಆಗ ನಾನು ರಾಯಚೂರಿನಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅಜ್ಜಿ ಬಾಗಿಲವರೆಗೂ ತಡವರಿಸಿಕೊಂಡು ಬಂದು, "ಭಾಳ ದೊಡ್ಡದು ತರಬ್ಯಾಡ, ಬಿದ್ದುಗಿದ್ದೇನು" ಎಂದಳು.

ಅಂಗಡಿ ಅಂದರೆ ಅಂಗಡಿ! ಹಗಲಿನಲ್ಲೇ ಟ್ಯೂಬ್‌ಲೈಟು, ನೆಲಕ್ಕೆ ನುಣುಪು ಕಲ್ಲು. ಉದ್ದಕ್ಕೂ ಕಟ್ಟೆಗಳು, ಕಟ್ಟೆಯ ಹಿಂದೆ ಇಸ್ತ್ರಿ ಅಂಗಿಯ ಆಳುಗಳು. ಅವರಿಗೆ ಮೊಳೆಗೂ ಮೊಣಕಾಲಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಒಬ್ಬನನ್ನು ಕೇಳಿದರೆ "ಅಲ್ಲಿ ಕೇಳ್ರಿ" ಎಂದು ಗದ್ದ ಎತ್ತುತ್ತಿದ್ದ. ಅಲ್ಲಿಯವನು ಇನ್ನೊಬ್ಬನ ಕಡೆ ಗದ್ದ ಎತ್ತುತ್ತಿದ್ದ. ಮೂರನೆಯವನು ಮೊದಲನೆಯವನನ್ನೇ ತೋರಿಸಿದ. ಕೈಯೆತ್ತಿ ತೋರಿಸುವಷ್ಟು ಕಷ್ಟವನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ದನ ಬಡಿಯುವವನು ಕೂಡ ದನದ ಮುಖ ನೋಡುತ್ತಾನೆ, ಇವರು ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಗೋಡೆಯ ಮೇಲೆ ಬಣ್ಣದ ಅಕ್ಷರದಲ್ಲಿ ಫಲಕಗಳು. ಅತ್ತೆಗೆ ಓದು ಬಾರದು. "ಏನ್ ಬರದಾರ ಬೇ?" ಎಂದು ಕೇಳಿದಳು.

"ಗ್ರಾಹಕರೇ ದೇವರು ಅಂತ ಬರದಾರ ಅತ್ತೀ."

"ಹೌದಾ! ಅದಕ್ಕs ಯಾರೂ ಮಾತಾಡಸವಲ್ರು. ದೇವರ ಮುಂದ ಕೈಕಟ್ಟಿ ಸುಮ್ನ ನಿಂದ್ರತಾರಲ್ಲ, ಹಂಗ. ಗುಡಿಯಾಗ ಬಿಟ್ಟುಕೊಳ್ಳಂಗಿಲ್ಲ, ದುಕಾನದಾಗ ನಾವ ದೇವರು. ಆ ಕಡೀದೇನು?"

"ಸಾಮಾನು ಮುಟ್ಟಬಾರದು ಅಂತ."

ಅತ್ತೆ ಸುತ್ತ ಕಣ್ಣಾಡಿಸಿದಳು. ಪಕ್ಕದಲ್ಲಿ ಪಂಚೆಯುಟ್ಟ ಗೌಡರೊಬ್ಬರು ಚಿಲಕ ನೋಡಲು ಕೈ ಚಾಚಿ, ಆಳು ಗದರಿದ್ದಕ್ಕೆ ಕೈ ಹಿಂದೆ ತೆಗೆದುಕೊಂಡು ನಿಂತಿದ್ದರು. ಅದನ್ನು ನೋಡಿದವಳೇ ಅವಳು ಅಂಗಡಿ ಕೇಳುವ ಹಾಗೆ ನಕ್ಕಳು. "ನೋಡು ಬೇ ಶಾಂತೀ! ಚನ್ನಬಸಣ್ಣ ಊರ ಮಂದಿಯನ್ನೆಲ್ಲಾ ನಮ್ಮ ಕೇರಿಯವರನ್ನ ಮಾಡಿಟ್ಟಾನ. ನಮ್ಮ ಕಾಲದಾಗ ನಮಗೊಬ್ಬರಿಗೇ ಇತ್ತು, ಈಗ ಗೌಡಗೂ ಬಂತು. ಇದಕ್ಕ ಸುಧಾರಣಿ ಅಂತಾರೇನು?" ಗೌಡರು ಬೇರೆ ಕಡೆ ನೋಡಿದರು.

ಬೇಸಿನ್ನು ಹುಲ್ಲು ತುಂಬಿದ ಗೋಣಿಯಲ್ಲಿ ಹೊಲಿದು ಬಂತು. ಅತ್ತೆ ಬಿಚ್ಚಲು ಹೋದಳು. "ಬಿಚ್ಚಂಗಿಲ್ಲ, ಬಿಚ್ಚಂಗಿಲ್ಲ. ಕಂಪನಿ ಮಾಲದು" ಎಂದ ಆಳು. ಬಾರಿಸಿ ನೋಡಬೇಕು ಅಂದಳು. ಆ ಹುಡುಗ ಹಲ್ಲುಕಿರಿದು, "ಇದೇನು ಗಡಿಗ್ಯಾ?" ಎಂದ. ನಾನು ಏನೋ ಹೇಳಲು ಹೊರಟೆ. ಅತ್ತೆಯೇ ತಡೆದಳು. "ಇರಲಿ ಬಿಡು. ಯಾರದs ಕೈಯಾಗ ಇರಲಿ, ದುಕಾನು ಚನ್ನಬಸಣ್ಣಂದು. ಅವ ಒಡಕು ಕೊಡಂಗಿಲ್ಲ." ದೂರದ ಗಾಜಿನ ಕೋಣೆಯಲ್ಲಿ ಚನ್ನಬಸಣ್ಣ ಸಫಾರಿ ಅಂಗಿ ತೊಟ್ಟು ಫೋನಿನಲ್ಲಿ ಮಾತಾಡುತ್ತಿದ್ದ. ಇವಳು ಗಾಜಿನ ಈಚೆಯಿಂದ ಕೈ ಮುಗಿದಳು. ಅವನ ಕಣ್ಣು ಇವಳ ಮೇಲೆ ಬಂತು, ಹಾಗೆಯೇ ಇವಳನ್ನು ದಾಟಿ ಹೋಯಿತು. "ಫೋನಿನ್ಯಾಗ ಅದಾನ, ಪಾಪ" ಎಂದಳು ಅತ್ತೆ.

ಬಸ್ಸಿನಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಳು. ಮೇಲೆ ಹಾಕಲು ಕೊಡಲಿಲ್ಲ. ಕಂಡಕ್ಟರು, "ಯವ್ವಾ, ಇದಕ್ಕೂ ಟಿಕೀಟ ಆಗತದ" ಎಂದ. "ಇದರ ಮ್ಯಾಲ ಇನ್ನೂ ಯಾರೂ ಕುಂತಿಲ್ಲ ಯಪ್ಪಾ. ಕುಂತ ಮ್ಯಾಲ ಮನಿಗಿ ಬಾ, ಕೊಡತೀನಿ" ಅಂದಳು. ಮಾನ್ವಿ ಬರುವವರೆಗೆ ಬಸ್ಸು ನಗುತ್ತಲೇ ಇತ್ತು.

ಮನೆಯಲ್ಲಿ ಗೋಣಿ ಬಿಚ್ಚಿ, ಹುಲ್ಲು ತೆಗೆದು, ಅಂಗಳದಲ್ಲಿಟ್ಟಳು. ಅಜ್ಜಿ ಹತ್ತಿರ ಕೂತು ಕೈಯಾಡಿಸಿ, "ಎಷ್ಟು ನುಣ್ಣಗ ಅದ! ಇದರಾಗ ಹೇಲೋದ್ಹ್ಯಾಂಗs, ಅನ್ನ ಕಲಸಬೌದು" ಎಂದಳು. ಎಲ್ಲರೂ ನಕ್ಕೆವು. ನಗುನಗುತ್ತಲೇ ಅತ್ತೆ ಗೆಣ್ಣಿನಿಂದ ಬಾರಿಸಿದಳು. ಬೊದ್ ಎಂದಿತು. ಮತ್ತೊಂದು ಕಡೆ ಬಾರಿಸಿದಳು. ಬೊದ್. ಅವಳ ಮುಖದ ನಗು ಹಾಗೇ ಇಳಿದುಹೋಯಿತು. ಒಂದು ತಂಬಿಗೆ ನೀರು ಹಾಕಿ ನೋಡಿದರೆ ಅಡಿಯಲ್ಲಿ ಕೂದಲೆಳೆಯಂಥ ಸೀಳು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಅಜ್ಜಿಗೆ ಕಾಣದು, ಆದರೆ ಕೇಳಿಸಿತ್ತು. ಬಾರಿಸುವ ವಿದ್ಯೆ ಮಗಳಿಗೆ ಕಲಿಸಿದವಳೇ ಅವಳು. "ಇರಲಿ ಬಿಡು, ನನಗ್ಯಾಕ ಇದೆಲ್ಲಾ" ಎಂದು ಎದ್ದು ಗೋಡೆ ಹಿಡಿದು ಒಳಗೆ ಹೋದಳು. ಆ ಸಂಜೆ ಅಜ್ಜಿ ರೊಟ್ಟಿಯನ್ನು ಮುಟ್ಟಲೇ ಇಲ್ಲ.

ಅತ್ತೆ ಬೇಸಿನ್ನಿನ ನೀರು ಚೆಲ್ಲಿ ಒರೆಸಿಟ್ಟಳು. ಮರುದಿನ ಬೆಳಗಿನ ಬಸ್ಸಿಗೆ ಬೇಸಿನ್ನು ಮತ್ತೆ ತೊಡೆಯ ಮೇಲೆ.

ಅಂಗಡಿಯಲ್ಲಿ ನಿನ್ನೆಯ ಹುಡುಗ ನಮ್ಮ ಗುರುತೇ ಇಲ್ಲ ಎಂಬಂತೆ ಇನ್ನೊಂದು ಫಲಕದ ಕಡೆ ಗದ್ದ ಎತ್ತಿದ. ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ. ನಾನು ಓದಿ ಹೇಳಿದೆ. "ಮೊದಲs ಒಡದಿತ್ತು ಯಪ್ಪಾ" ಎಂದಳು ಅತ್ತೆ. "ನೀವs ಬಸ್ಸಿನ್ಯಾಗ ಒಡಕೊಂಡು ಬಂದೀರಿ" ಎಂದ ಅವನು. ಬಿಚ್ಚಿ ತೋರಿಸು ಎಂದು ನಿನ್ನೆಯೇ ಕೇಳಿದ್ದೆವಲ್ಲ ಎಂದು ನಾನು ಜೋರು ಮಾಡಿದೆ. "ಅಲ್ಲಿ ಕೇಳ್ರಿ." ಅಲ್ಲಿ ಕೇಳಿದೆವು. ಅಲ್ಲಿಯವನು ಗುದಾಮಿನವನನ್ನು ಕೇಳಿ ಎಂದ, ಗುದಾಮಿನವನು ಊಟಕ್ಕೆ ಹೋಗಿದ್ದ. ಗಾಜಿನ ಕೋಣೆಯ ಬಾಗಿಲಿಗೆ ಹೋದರೆ ಅಲ್ಲೊಬ್ಬ, "ಸಾವ್ಕಾರ್ರು ಬಿಜಿ ಅದಾರ" ಎಂದ. ಒಳಗೆ ಚನ್ನಬಸಣ್ಣ ಯಾರೋ ಗುತ್ತಿಗೆದಾರನಿಗೆ ತಣ್ಣನೆಯ ಬಾಟಲಿ ಪಾನಕ ಕುಡಿಸುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಗಾಜು ಹಿಡಿದಿದ್ದ.

ಆಗ ಅತ್ತೆ ಸೀರೆ ಎತ್ತಿ ಸಿಕ್ಕಿಸಿದಳು. ನನಗೆ ದೇವದುರ್ಗದ ಸಂತೆಯ ಕಥೆ ನೆನಪಾಯಿತು. ಅವಳು ಮೊದಲನೆಯ ಸಾಲಿನಿಂದ ಶುರು ಮಾಡಿದಳು. ಬೇಸಿನ್ನು, ಬಕೆಟ್ಟು, ತಗಡು, ಪೈಪು, ಡ್ರಮ್ಮು, ಹೆಂಚು, ಎಲ್ಲವನ್ನೂ ಗೆಣ್ಣಿನಿಂದ ಕುಟ್ಟುತ್ತ ಆ ಉದ್ದದ ಅಂಗಡಿಯನ್ನು ಪೂರಾ ಸುತ್ತಿದಳು. ಟಣ್, ಟಕ್, ಡಬ್, ಬೊದ್. ಮುಟ್ಟಬಾರದೆಂದು ಬರೆದದ್ದನ್ನೆಲ್ಲ ಮುಟ್ಟಿದಳು. ತಿರುಗಿ ಬಂದು ನನ್ನ ಪಕ್ಕ ನಿಂತಳು. ಅಂಗಡಿಯಲ್ಲಿ ಯಾರೂ ತಲೆ ಎತ್ತಿರಲಿಲ್ಲ. ಒಬ್ಬನು ಉಗುರು ನೋಡಿಕೊಳ್ಳುತ್ತಿದ್ದ, ಒಬ್ಬನು ಆಕಳಿಸಿದ.

"ನೋಡಿದೇನು?" ಎಂದಳು. ಅವಳ ದನಿ ಸಣ್ಣಗಾಗಿತ್ತು. "ಆ ಕುಂಬಾರ ನನಗ ಬೈದ. ಬೈಯಾಕರ ನನ್ನ ಮಾರಿ ನೋಡಿದ. ಕಡೀಕ ಅವನ ಹೇಣತಿ ನಕ್ಕಳು. ಈ ಮಂದಿ ಜಗಳಕ್ಕೂ ಬರವಲ್ರು ಬೇ. ಇವರ ಜೊತಿ ಹ್ಯಾಂಗ ಗೆಲ್ಲಬೇಕು?"

ಅವಳು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹೋಗೂಣು ನಡಿ ಅತ್ತೀ" ಅಂದೆ. ಅವಳು ಬಗ್ಗಿ ಬೇಸಿನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಬಾಗಿಲ ಕಡೆ ಹೋಗದೆ, ಗಾಜಿನ ಕೋಣೆಯ ಎದುರಿಗೆ, ಅಂಗಡಿಯ ನಟ್ಟನಡುವೆ, ಆ ನುಣುಪು ಕಲ್ಲಿನ ಮೇಲೆ ಅದನ್ನು ಇಟ್ಟಳು. ಇಟ್ಟು, ಎರಡೂ ಕಡೆ ಕಾಲು ಹಾಕಿ, ಸೀರೆಯನ್ನು ಮೊಣಕಾಲಿಗೆ ಸರಿಸಿ, ಕುಕ್ಕರಗಾಲಿನಲ್ಲಿ ಕೂತೇ ಬಿಟ್ಟಳು.

"ಯಾರಲೇ ಅಲ್ಲಿ! ಒಂದು ತಂಬಿಗಿ ನೀರು ತರ್ರಿ. ಸೋರತದೋ ಇಲ್ಲೋ ಇಲ್ಲೇ ನೋಡೇ ಬಿಡೂಣು. ಮುಟ್ಟಂಗಿಲ್ಲ ಅಂತ ಬರದೀರಿ, ಕುಂದ್ರಂಗಿಲ್ಲ ಅಂತ ಎಲ್ಲೂ ಬರದಿಲ್ಲ."

ಈಗ ಎತ್ತಿದರು ನೋಡಿ ತಲೆ! ಕಟ್ಟೆಗಳ ಹಿಂದಿನ ಗದ್ದಗಳೆಲ್ಲ ಒಮ್ಮೆಲೇ ಕೆಳಗಿಳಿದವು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗುತ್ತಿಗೆದಾರನ ಪಾನಕ ಮೂಗಿಗೆ ಹತ್ತಿತು. ಗಾಜಿನ ಬಾಗಿಲು ತೆಗೆದುಕೊಂಡು ಚನ್ನಬಸಣ್ಣ ಓಡಿಬಂದ. ಅಷ್ಟು ದಪ್ಪಗಿನ ಮನುಷ್ಯ ಓಡಿದ್ದನ್ನು ಅವನ ಆಳುಗಳೂ ಅವತ್ತೇ ಕಂಡಿರಬೇಕು.

"ಏಯ್ ಏಯ್, ಏಳವ್ವಾ! ಯಾರವ್ವಾ ನೀನು? ಏನ್ ಮಾಡಾಕತ್ತಿ?"

"ನಾ ಹುಲಿಗೆವ್ವ. ನೀ ಎಬ್ಬಿಸಿದ ಈ ಮ್ಯಾಲಿನ ಅಂತಸ್ತಿಗಿ ಗಾರಿ ಹೊತ್ತಾಕಿ. ನಿನ್ನ ಸಾಮಾನು ಬಾರಿಸಾಕತ್ತೀನಿ."

ಚನ್ನಬಸಣ್ಣ ಅವಳ ಮುಖ ನೋಡಿದ. ಇಷ್ಟು ಹೊತ್ತಿಗೆ ಮೊದಲ ಸಲ ನೋಡಿದ. "ಹುಲಿಗೆವ್ವಾ... ಗುರುತು ಸಿಗಲಿಲ್ಲವ್ವಾ" ಎಂದು ತೊದಲಿದ.

"ಹ್ಯಾಂಗ ಸಿಗತದ? ಗುರುತು ಸಿಕ್ರ ಗೋಣಿ ಬಿಚ್ಚಿ ತೋರಿಸಬೇಕಾಗತಿತ್ತಲ್ಲ."

ಅವನು ಹುಡುಗನ ಮೇಲೆ ಕೂಗಾಡಿದ, "ಬದಲಿ ಕೊಡಲೇ" ಎಂದ. ಈ ಸಾಹುಕಾರ ಜನರಿಗೆ ತಪ್ಪು ಮಾಡುವುದಕ್ಕೆ ತಾವೇ ಬೇಕು, ಬೈಸಿಕೊಳ್ಳುವುದಕ್ಕೆ ಮಾತ್ರ ಆಳು ಬೇಕು. ಅತ್ತೆ ಏಳಲಿಲ್ಲ. ಗುದಾಮಿನಿಂದ ಗೋಣಿಗಳನ್ನು ತಂದು ಅವಳ ಮುಂದೆಯೇ ಬಿಚ್ಚಬೇಕಾಯಿತು. ಕೂತಲ್ಲೇ ಕೂತು ಒಂದೊಂದನ್ನೇ ಬಾರಿಸಿದಳು. ಒಡಕು ಇನ್ನೂ ಒಂದಿತ್ತು. ಅದನ್ನು ಚನ್ನಬಸಣ್ಣನ ಕಡೆಗೆ ತಳ್ಳಿ, "ಇದನ್ನ ಆ ಲಾರಿಯವಗ ಕೊಡು. ಅವ ಬಾರಸಂಗಿಲ್ಲ" ಎಂದಳು. ಗುತ್ತಿಗೆದಾರ ಎದುರಿಗೇ ನಿಂತಿದ್ದ. ಕಡೆಗೊಂದು ಟಣ್ ಎಂದಿತು, ಗುಡಿಯ ಗಂಟೆಯ ಹಾಗೆ. ಅದನ್ನು ಎತ್ತಿಕೊಂಡು ಎದ್ದಳು.

ಚನ್ನಬಸಣ್ಣ ಸಮಾಧಾನ ಮಾಡುವವನ ಹಾಗೆ, "ಚಾ ಕುಡದು ಹೋಗು ಹುಲಿಗೆವ್ವಾ" ಎಂದ.

"ಬ್ಯಾಡ. ನೀ ಚೀಲದ ಮ್ಯಾಲ ಕುಂದರತಿದ್ದಿ ನೋಡು, ಅವಾಗ ನೀನು ಎತ್ತರ ಕಾಣತಿದ್ದಿ" ಎಂದು ಹೊರಗೆ ಬಂದಳು. ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಅಜ್ಜಿ ಇನ್ನೂ ಕೆಲವು ವರ್ಷ ಬದುಕಿದಳು. ಹೊಟ್ಟೆ ತುಂಬ ಉಂಡಳು. ಹಿತ್ತಲಿಗೆ ಕಟ್ಟಿದ್ದ ಹಗ್ಗ ಹಿಡಿದು ಒಬ್ಬಳೇ ಹೋಗುತ್ತಿದ್ದಳು, ಒಬ್ಬಳೇ ಬರುತ್ತಿದ್ದಳು. ಬೆಳಕಾಗಿದೆಯೇ ಎಂದು ಯಾರನ್ನೂ ಕೇಳುವುದನ್ನು ಬಿಟ್ಟಳು. ಕೇರಿಯ ಮುದುಕಿಯರು ಕೂಡ ನಮ್ಮ ಹಿತ್ತಲಿಗೆ ಬರತೊಡಗಿದರು. ಅತ್ತೆ ಬೇಡವೆನ್ನಲಿಲ್ಲ, ಆದರೆ ಪ್ರತಿಯೊಬ್ಬಳಿಗೂ ಚನ್ನಬಸಣ್ಣ ಓಡಿಬಂದ ಕಥೆಯನ್ನು ಪೂರಾ ಕೇಳಿಸದೆ ಒಳಗೆ ಬಿಡುತ್ತಿರಲಿಲ್ಲ. ಅವಸರವಿದ್ದವರಿಗೂ ಅದೇ ಕಾನೂನು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸುಣ್ಣ, ಸಿಮೆಂಟು ಅವಳ ಎದೆಗೆ ಇಳಿದಿತ್ತು. ಕೆಮ್ಮು ನಿಲ್ಲದೆ ರಾಯಚೂರಿನ ದವಾಖಾನೆಗೆ ಸೇರಿಸಿದೆವು. ಶಾಲೆ ಬಿಟ್ಟ ಕೂಡಲೇ ನಾನು ಅಲ್ಲಿಗೆ ಹೋಗುತ್ತಿದ್ದೆ. ನಾನು ಅವಳ ಜೊತೆ ಮಾತಾಡಿದ ಕಡೆಯ ಸಂಜೆ, ಎಳೆಯ ವಯಸ್ಸಿನ ಡಾಕ್ಟರೊಬ್ಬ ಬಂದು ಅವಳನ್ನು ಎಬ್ಬಿಸಿ ಕೂರಿಸಿದ. ಬೆನ್ನಿನ ಮೇಲೆ ಎಡಗೈ ಅಂಗೈ ಇಟ್ಟು, ಬಲಗೈ ನಡುಬೆರಳಿನಿಂದ ಅದರ ಮೇಲೆ ಕುಟ್ಟತೊಡಗಿದ. ಅತ್ತೆಯ ಬತ್ತಿದ ಮುಖ ಅರಳಿತು.

"ಬಾರಿಸಿ ನೋಡಾಕತ್ತೀಯೇನು ಯಪ್ಪಾ? ಇದು ನಮ್ಮ ಕಸಬು."

"ಹೌದವ್ವಾ" ಎಂದು ಅವನು ನಕ್ಕ.

"ಏನಂತದ?"

"ಏನಿಲ್ಲವ್ವಾ, ಆರಾಮ ಆಗತೀರಿ" ಎಂದು ಅವನು ಮುಂದಿನ ಮಂಚಕ್ಕೆ ಹೋದ.

ಅವನು ಅತ್ತ ಹೋಗುವುದನ್ನೇ ಕಾದು ಅತ್ತೆ ನನ್ನ ಸೆರಗು ಹಿಡಿದು ಜಗ್ಗಿದಳು. "ಒಳ್ಳೆ ಹುಡುಗ. ಸುಳ್ಳು ಹೇಳಾಕ ಇನ್ನೂ ಬರವಲ್ದು. ಸಪ್ಪಳ ನನಗೂ ಕೇಳಿಸ್ತಲ್ಲ ಬೇ. ಎಡಕ ಖಾಲಿ ಗಡಿಗಿ ಇದ್ದಂಗ ಅದ. ಬಲಕ ಮಣ್ಣು ತುಂಬ್ಯಾದ, ಸಪ್ಪಳs ಇಲ್ಲ." ನಾನು ಮುಖ ಆ ಕಡೆ ತಿರುಗಿಸಿದೆ. ಅವಳು ಬಿಡಲಿಲ್ಲ. ಆ ದಪ್ಪ ಗೆಣ್ಣಿನಿಂದ ನನ್ನ ಹಣೆಗೆ ಮೆಲ್ಲಗೆ ಕುಟ್ಟಿದಳು.

"ಅಳತಿ ಯಾಕ ಹುಚ್ಚೀ? ಕೊಟ್ಟಾವ ವಾಪಸ್ ತಗೋತಾನ. ಒಡದದ್ದಿದ್ರೂ ತಗೋತಾನ. ಅವನೇನು ಚನ್ನಬಸಣ್ಣನಾ?"